ಬಾಗಿದ ನೆಲ

ನೆಲ ಬಾಗಿದೆಯೆಂದು ಆಕ್ರಾಯ್ಡ್ ಹೆದರಿದ್ದ. ಬಾಗಿದೆಯಲ್ಲ, ಸದ್ಯ, ಎಂದು ನಾನು ಉಸಿರಾಡುತ್ತಿದ್ದೆ.

ಶೆಫೀಲ್ಡಿನ ನದಿ ದಂಡೆಯ ಆ ಕಚೇರಿ ಕಟ್ಟಡದ ಉಕ್ಕಿನ ಲೆಕ್ಕ ಹಾಕಿದವಳು ನಾನೇ. ಎರಡನೆಯ ಮಹಡಿ ಹೊತ್ತಿ ಉರಿಯುತ್ತಿತ್ತು. ಅದರ ಮೇಲಿನ ಮಹಡಿಯಲ್ಲಿ ನನ್ನ ಗಂಡ ಡೆಸ್ ಇದ್ದ. ಲಿಫ್ಟ್ ರಿಪೇರಿಗೆ ಹೋದವನು ಹೊಗೆ ಕಂಡು ಏಣಿಯಿಂದ ಧುಮುಕಿ ಪಾದ ಮುರಿದುಕೊಂಡಿದ್ದ. ಅವನ ಪಕ್ಕದ ಮೆಟ್ಟಿಲ ತುಂಬ ಹೊಗೆ. ಕಿಟಕಿಗಳ ಕೆಳಗೆ ನದಿ, ಏಣಿಯ ಗಾಡಿ ಅಲ್ಲಿಗೆ ಹೋಗದು. ಇನ್ನೊಂದು ಮೆಟ್ಟಿಲು ಮಹಡಿಯ ಆಚೆ ತುದಿಗಿತ್ತು, ನಡುವೆ ಜೋತುಬಿದ್ದ ನೆಲ.

"ನಿಮ್ಮ ಹುಡುಗರನ್ನ ಈಗಲೇ ಕಳಿಸಿ," ಎಂದು ಕಟ್ಟಡದೆದುರಿನ ಸೇತುವೆಯ ಮೇಲೆ ಆಕ್ರಾಯ್ಡನ ತೋಳು ಹಿಡಿದೆ. ಅವನು ಅಗ್ನಿಶಾಮಕ ದಳದ ಮುಖ್ಯಸ್ಥ.

"ಹೊಟ್ಟೆ ಬಂದಿರೋ ನೆಲದ ಮೇಲಾ? ಬೆಂಕಿ ಆರ್ಲಿ ಕಣಮ್ಮ, ಆಮೇಲೆ ಹೋಗ್ತಾರೆ."

"ಆರಿದ್ಮೇಲಲ್ಲ ಸ್ವಾಮಿ, ಈಗ!"

ಹೇಗೆ ತಿಳಿಹೇಳಲಿ? ನಡುವಿನ ತೊಲೆಗಳಿಗೆ ಬೆಂಕಿ ತಡೆಯುವ ಲೇಪ ಬಳಿಯದೆ ಬಿಟ್ಟಿದ್ದು ಬೇಕೆಂದೇ. ಅವು ಕಾದು ಮೆತ್ತಗಾಗುತ್ತವೆ, ಮೇಲಿನ ಕಾಂಕ್ರೀಟೂ ಜೊತೆಗೆ ಬಾಗುತ್ತದೆ. ಆಗ ಅದರೊಳಗಿನ ಕಂಬಿಬಲೆ ಬಿಗಿದು ಭಾರವನ್ನೆಲ್ಲ ಹಿಡಿದುಕೊಳ್ಳುತ್ತದೆ, ನಾಲ್ವರು ಮೂಲೆ ಹಿಡಿದ ಕಂಬಳಿಯ ಹಾಗೆ. ಲೇಪ ಬಳಿದ ಅಂಚಿನ ತೊಲೆಗಳೇ ಆ ನಾಲ್ವರು. ಉರಿಯುವಷ್ಟು ಹೊತ್ತೂ ಹಿಡಿಯುತ್ತದೆ. ಕಷ್ಟವಿರುವುದು ಆರುವಾಗ. ತೊಲೆ ತಣಿಯುತ್ತ ಕುಗ್ಗುತ್ತದೆ, ಕುಗ್ಗುತ್ತ ತುದಿಯ ಬೋಲ್ಟುಗಳನ್ನು ಎಳೆದು ಹರಿಯುತ್ತದೆ. ಪರೀಕ್ಷೆಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಆದರೆ ಬೆಂಕಿ ಆರಿದರೆ ಕ್ಷೇಮ ಅನ್ನುವುದು ಒಲೆ ಹಚ್ಚುವ ಎಲ್ಲರಿಗೂ ಗೊತ್ತಿರುವ ಮಾತು. ಅದರ ಮುಂದೆ ನನ್ನ ಮಾತು ಹುಚ್ಚಿಯ ಮಾತಾಯಿತು.

ಫೋನಿನಲ್ಲಿ ಡೆಸ್ ಇದ್ದ. "ನೀನೇ ತೆವಳ್ಕೊಂಡು ಬಾ," ಎಂದೆ.

"ಕಂಟ್ರೋಲ್ ರೂಮಿನ ಹುಡುಗಿ ಇದ್ದಲ್ಲೇ ಇರಿ ಅಂದ್ಳು ಕಣೇ ಲಿನ್."

ನಮ್ಮ ಇಂಗ್ಲಿಷ್ ಜನ ಹೀಗೇ. ಸಾಲಲ್ಲಿ ನಿಲ್ಲಿ ಅಂದರೆ ನಿಲ್ಲುತ್ತಾರೆ, ಇದ್ದಲ್ಲೇ ಇರಿ ಅಂದರೆ ಪ್ರಾಣ ಹೋಗುವ ತನಕ ಇರುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

"ನೀನು ಮದ್ವೆ ಆಗಿರೋದು ಅವಳನ್ನಾ, ನನ್ನನ್ನಾ? ಹೊರಡೋ!"

"ಹೊರಟೆ ಮಾರಾಯ್ತಿ, ಕಿರುಚ್ಬೇಡ."

ತೆವಳುವ ಸದ್ದು, ನರಳುವ ಸದ್ದು. "ಕಾರ್ಪೆಟ್ ಸುಡ್ತಿದೆ... ಲಿನ್, ನಿನ್ನ ನೆಲಕ್ಕೆ ನಮ್ಮ ಹಾಸಿಗೆ ಥರ ಗುಂಡಿ ಬಿದ್ದಿದೆ ನೋಡು." ತಗ್ಗಿನ ನಡುವಿಗೆ ಬರುವಷ್ಟರಲ್ಲಿ ಅವನ ದನಿ ಸೋತಿತ್ತು. "ಒಂದ್ನಿಮಿಷ ಸುಧಾರಿಸ್ಕೋತೀನಿ."

ಅಷ್ಟರಲ್ಲಿ ಕೆಳಗಿನ ಜ್ವಾಲೆ ಅಡಗಿತು. ಸೇತುವೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಯಾರೋ ಹೆಂಗಸು ನನ್ನ ಕೈಗೆ ಚಹಾ ಕೊಟ್ಟು, "ದೇವರು ದೊಡ್ಡವನು ಬಿಡಮ್ಮ," ಎಂದಳು. ಪೈಪುಗಳು ಇನ್ನೂ ಕಾದ ಉಕ್ಕಿನ ಮೇಲೆ ನೀರು ಸುರಿಯುತ್ತಲೇ ಇದ್ದವು.

"ಇಬ್ಬರು ಹೊರಟ್ರು," ಎಂದ ಆಕ್ರಾಯ್ಡ್. "ಸಮಾಧಾನ ಆಯ್ತಾ ಈಗ?" ಆ ಇಬ್ಬರು ಹೆಲ್ಮೆಟ್ ಬಿಗಿದುಕೊಂಡು ಆಚೆ ಮೆಟ್ಟಿಲ ಕಡೆ ಓಡಿದರು. ಒಬ್ಬ ನನ್ನತ್ತ ಹೆಬ್ಬೆರಳೆತ್ತಿ ತೋರಿಸಿದ.

ಢಣ್ ಎಂದಿತು ಮೇಲೆ. ಯಾರೂ ತಿರುಗಿ ನೋಡಲಿಲ್ಲ. ಮೊದಲ ಬೋಲ್ಟು ಹರಿದಿತ್ತು.

ಇಷ್ಟು ಹೊತ್ತು ಬೇಡಿದ್ದು ಈಗ ಸಿಕ್ಕಿತ್ತು. ಸುಮ್ಮನಿದ್ದರೆ ಸಾಕು, ಅವರು ಹೋಗುತ್ತಾರೆ, ಅವನನ್ನು ಎತ್ತಿಕೊಂಡು ಬಂದರೂ ಬಂದಾರು. ಸುಮ್ಮನಿರಬೇಕೆಂದು ನನಗೂ ಆಸೆಯಾಯಿತು.

"ಕಳಿಸ್ಬೇಡಿ," ಎಂದೆ. "ಬೋಲ್ಟು ಹರೀತಿವೆ. ನೆಲ ಬೀಳುತ್ತೆ. ಕಳಿಸ್ಬೇಡಿ ಅವರನ್ನ."

ಆಕ್ರಾಯ್ಡ್ ನನ್ನ ಮುಖ ನೋಡಿದ. ಈ ಸಲ ನಂಬಿದ. ಮೆಟ್ಟಿಲ ಬಾಗಿಲಲ್ಲೇ ಅವರನ್ನು ತಡೆದ.

ಫೋನು ನನ್ನ ಕಿವಿಗೇ ಅಂಟಿಕೊಂಡಿತ್ತು.

"ಕೇಳಿಸ್ತು," ಎಂದ ಡೆಸ್.

ನಾನು ಅತ್ತುಬಿಟ್ಟೆ.

"ಅಳ್ಬೇಡ್ವೇ. ಯಾವ ಕಡೆ ಹತ್ಲಿ, ಅದು ಹೇಳು."

"ಕಿಟಕಿ ಕಡೆ. ಅಂಚಿಗೆ. ಲೇಪ ಇರೋ ತೊಲೆ ಅಲ್ಲಿದೆ. ಎಳ್ಕೋ ಡೆಸ್, ಎಳ್ಕೋ!"

ಮತ್ತೆ ಢಣ್. ಅದರ ಹಿಂದೆಯೇ ಇನ್ನೊಂದು. ಕಿಟಕಿಯ ಕಟ್ಟೆಯ ಮೇಲೆ ಒಂದು ಕೈ ಕಂಡಿತು. ಅವನ ಕೈ ಎಷ್ಟು ದೂರದಿಂದಲೂ ನನಗೆ ಗುರುತು ಸಿಗುತ್ತದೆ. ಆಮೇಲೆ ಬಟ್ಟೆ ಹರಿದ ಹಾಗೆ ನೆಲ ಅಂಚಿನಿಂದ ಹರಿದುಕೊಂಡಿತು, ಕಿಟಕಿಗಳಿಂದೆಲ್ಲ ದೂಳು ನುಗ್ಗಿತು.

ಅಂಚಿನ ತೊಲೆ ಮಾತ್ರ ನನ್ನ ಲೆಕ್ಕದ ಹಾಗೆಯೇ ನಿಂತಿತ್ತು. ಅದರ ಮೇಲೆ ಡೆಸ್ ಇರಲಿಲ್ಲ.

ಹೆಬ್ಬೆರಳು ತೋರಿಸಿದ ಹುಡುಗ ಮೊನ್ನೆ ತನ್ನ ಹಸುಗೂಸನ್ನು ಎತ್ತಿಕೊಂಡು ಬಂದಿದ್ದ. "ಎತ್ಕೊಳ್ಳಿ ಮೇಡಂ," ಎಂದ. ನೀನು ಬದುಕಿದ್ದೀಯಲ್ಲ ಎಂಬ ಸಿಟ್ಟು ನನಗೆ ಇನ್ನೂ ಇದೆ, ಅವನೆದುರಿಗೂ ಇತ್ತು. ಮಗುವನ್ನು ಎತ್ತಿಕೊಂಡೆ. ಅವನು ಹೊರಡುತ್ತೇನೆಂದು ಕೈ ಚಾಚುವ ತನಕ ಕೆಳಗಿಡಲಿಲ್ಲ.