ಅಮ್ಮ ಎಣ್ಣೆ ಬಿಟ್ಟ ಸೈಕಲ್

ನಮ್ಮಮ್ಮನಿಗೆ ಕಿರುಗುಟ್ಟುವ ಏನನ್ನು ಕಂಡರೂ ಆಗದು. ಹೊಲಿಗೆ ಮಿಷನ್ ಪಕ್ಕ ಸದಾ ಒಂದು ಎಣ್ಣೆ ಬುಡ್ಡಿ. ಬಾಗಿಲ ತಿರುಗಣಿ, ಫ್ಯಾನು, ಕತ್ತರಿ, ಯಾವುದು ಕುಂಯ್ ಅಂದರೂ ನಾಲ್ಕು ಹನಿ ಬಿಟ್ಟರೇ ಅವಳಿಗೆ ಸಮಾಧಾನ. ನಾನೇನಾದರೂ ಗೊಣಗಿದರೆ, "ನಿನ್ನ ಬಾಯಿಗೂ ಬಿಡ್ಲೇನೇ?" ಅನ್ನುತ್ತಾಳೆ.

ಆವತ್ತು ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಅವಳು ಕಾಲರ್ ಹೊಲಿಯುತ್ತಿದ್ದಳು, ನಾನು ಗುಂಡಿ ಹಚ್ಚುತ್ತಿದ್ದೆ. ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು:

"ನಿನ್ನ ಸೈಕಲ್ ಕಾಟ ತೀರ್ತು ಕಣೇ. ಬ್ರೇಕ್ ಹಿಡಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಿತ್ತಲ್ಲ? ಚಕ್ರದ ನಡುವೆ ಬಿಲ್ಲೆ ಇದೆ ನೋಡು, ರಾತ್ರಿ ಅದಕ್ಕೆ ಚೆನ್ನಾಗಿ ಎಣ್ಣೆ ಬಿಟ್ಟಿದೀನಿ. ಎರಡು ಚಕ್ರಕ್ಕೂ."

ಡಿಸ್ಕ್ ಬ್ರೇಕಿನ ಸೈಕಲ್ ಅದು. ಬ್ರೇಕು ಕಚ್ಚಿ ಹಿಡಿಯುವುದೇ ಆ ಬಿಲ್ಲೆಯನ್ನು! ಅದಕ್ಕೆ ಎಣ್ಣೆ ಬಿದ್ದರೆ ಬ್ರೇಕು ಇದ್ದೂ ಇಲ್ಲದ ಹಾಗೆ. ಆ ಸೈಕಲ್ ಹತ್ತಿ ತಂಗಿ ಆಗಲೇ ಗುಡ್ಡಕ್ಕೆ ಹೋಗಿದ್ದಳು. ಒಂದು ಮಾತು ಕೇಳದೆ ತಗೊಂಡು ಹೋದಳಲ್ಲ ಅಂತ ಅಷ್ಟು ಹೊತ್ತೂ ಬೈದುಕೊಳ್ಳುತ್ತಾ ಕೂತಿದ್ದವಳು ನಾನು.

ಫೋನ್ ಮಾಡಿದೆ. ಒಳಗೆ ಅವಳ ಹಾಸಿಗೆ ಮೇಲೇ ರಿಂಗಾಯಿತು.

"ಯಾಕೇ, ಏನಾಯ್ತು?" ಅಂದಳು ಅಮ್ಮ.

"ಏನಿಲ್ಲ" ಅಂದವಳೇ ಓಡಿದೆ.

ತಂಗಿ ಹೋಗುವ ದಾರಿ ನನಗೆ ಗೊತ್ತು. ಡಾಂಬರು ರಸ್ತೆಯಲ್ಲಿ ತುಳಿದುಕೊಂಡು ಗುಡ್ಡದ ತುದಿಗೆ ಹೋಗುತ್ತಾಳೆ, ಕಾಲುದಾರಿಯಲ್ಲಿ ನಮ್ಮ ಬೀದಿಯ ಹಿಂದಕ್ಕೇ ಇಳಿಯುತ್ತಾಳೆ. ಹತ್ತುವಾಗ ಬ್ರೇಕಿನ ಗೊಡವೆ ಯಾರಿಗೆ? ಗೊತ್ತಾಗುವುದೇ ಇಳಿಯುವಾಗ. ನಡುವೆ ಒಂದು ತಿರುವಿದೆ. ಅಲ್ಲಿಂದ ಕೆರೆ, ಹೊಲ, ಊರಿನ ಮನೆಗಳ ಮಾಡುಗಳೆಲ್ಲ ಬಿಡಿಸಿಟ್ಟ ಹಾಗೆ ಕಾಣುತ್ತವೆ. ಅಂಚಿನಲ್ಲೇ ಹಳೇ ಕಲ್ಲುಗಣಿಯ ಗುಂಡಿ. ಏನು ಚೆಂದ ಅಂತ ಎಲ್ಲರೂ ನಿಲ್ಲುವ ಜಾಗ ಅದು. ನಿಲ್ಲೋಕಾದರೆ ತಾನೇ!

ಕೆಳಗಿನಿಂದ ಆ ಕಾಲುದಾರಿ ಹತ್ತುತ್ತಾ, "ನಿಲ್ಲೇ! ಅಲ್ಲೇ ನಿಲ್ಲೇ!" ಅಂತ ಅರಚಿಕೊಂಡೆ. ನಿಲ್ಲಲಾಗದವಳಿಗೆ ನಿಲ್ಲು ಅನ್ನುತ್ತಿದ್ದೇನೆ, ನನ್ನ ಬುದ್ಧಿಗಿಷ್ಟು! ಏದುಸಿರು ಬಂತು. ಅಮ್ಮನ ಮೇಲೆ ಕೆಂಡದಂಥ ಕೋಪ ಬಂತು. ಆ ಬುಡ್ಡಿಯನ್ನು ಚರಂಡಿಗೆ ಎಸೆಯುತ್ತೇನೆ, ಇವತ್ತು ಅವಳಿಗೆ ಸರಿಯಾಗಿ ಮಾಡುತ್ತೇನೆ ಅಂದುಕೊಂಡೆ. ದೇವರೇ, ತಂಗಿ ಒಬ್ಬಳು ಸಿಗಲಿ, ಮಿಕ್ಕಿದ್ದು ಆಮೇಲೆ.

ತಿರುವಿನ ಮಣ್ಣಲ್ಲಿ ಚಕ್ರದ ಗೆರೆ ನೆಟ್ಟಗೆ ಅಂಚಿನ ಕಡೆಗೆ ಹೋಗಿತ್ತು. ಗುಂಡಿಯೊಳಗೆ ಬಗ್ಗಿ ನೋಡುವ ಧೈರ್ಯ ಬರಲಿಲ್ಲ.

"ಇಲ್ಲಿದೀನಿ ಕಣೇ, ಕಿರುಚಬೇಡ."

ಅಂಚಿಗೆ ಎರಡು ಮಾರು ಈಚೆ, ಮುಳ್ಳುಪೊದೆಯಲ್ಲಿ ಸೈಕಲ್ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ತಂಗಿ ಕೂತಿದ್ದಳು. ಮೊಣಕೈ ತರಚಿ ರಕ್ತ ಸುರಿಯುತ್ತಿತ್ತು. "ಎಷ್ಟು ಒತ್ತಿದ್ರೂ ಬ್ರೇಕ್ ಹಿಡೀಲಿಲ್ಲ. ಬೇಕಂತಲೇ ಪೊದೆಗೆ ನುಗ್ಗಿಸಿದೆ" ಅಂದಳು. ಬೆನ್ನಿಗೊಂದು ಗುದ್ದಿ, ತಬ್ಬಿಕೊಂಡೆ. ಅಳುತ್ತಾ ಎಣ್ಣೆಯ ವಿಷಯ ಹೇಳಿದೆ.

ಅವಳು ತರಚಿದ ಕೈಗೆ ಅಂಟಿದ ಮಣ್ಣು ಒರೆಸಿಕೊಂಡಳು. ಆಮೇಲೆ, "ಅಮ್ಮಂಗೆ ಹೇಳ್ಬೇಡ ಕಣೇ. ಜೀವಾನೇ ಬಿಡ್ತಾಳೆ" ಅಂದಳು.

ಅಷ್ಟರಲ್ಲಿ, ನಾನು ಓಡಿದ್ದು ಕಂಡು ಹಿಂದೆಯೇ ಹೊರಟಿದ್ದ ಅಮ್ಮನೇ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಕಾಲಲ್ಲಿ ಚಪ್ಪಲಿಯಿಲ್ಲ. ಮಂಡಿನೋವಿನವಳು ಹೇಗೆ ಹತ್ತಿದಳೋ!

"ಕೆರೆ ನೋಡ್ತಾ ಬಿದ್ಬಿಟ್ಟೆ ಅಮ್ಮ" ಅಂದಳು ತಂಗಿ.

"ಇವಳಿಗೆ ಕಣ್ಣು ನೆತ್ತಿ ಮೇಲೆ" ಅಂದೆ ನಾನು. ದಾರಿಯುದ್ದಕ್ಕೂ ಕೂಡಿಸಿಟ್ಟ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಅಮ್ಮ ಸೈಕಲನ್ನು ಪೊದೆಯಿಂದ ಎಳೆದು ನಿಲ್ಲಿಸಿದಳು. ಎರಡೂ ಬ್ರೇಕು ಬಿಗಿಯಾಗಿ ಹಿಡಿದು ಮುಂದಕ್ಕೆ ತಳ್ಳಿದಳು. ಅದು ಸಲೀಸಾಗಿ ಉರುಳಿತು. ಇನ್ನೊಮ್ಮೆ ಹಿಡಿದು ತಳ್ಳಿದಳು. ಮತ್ತೂ ಉರುಳಿತು.

"ಇಬ್ಬರೂ ಸೇರ್ಕೊಂಡು ನಂಗೆ ಸುಳ್ಳು ಹೇಳ್ತೀರೇನ್ರೇ?" ಅಂದವಳು ಗುಂಡಿಯ ಕಡೆ ನೋಡಿದಳು. ದಾರಿಯಲ್ಲೇ ಕುಸಿದು ಕೂತಳು. "ನಾನೇ ಕೊಂದ್ಬಿಡ್ತಿದ್ನಲ್ಲೇ ನಿನ್ನ."

ತಂಗಿ ಒಂದು ಕೈ ಹಿಡಿದುಕೊಂಡಳು, ನಾನೊಂದು ಕೈ. ಎಷ್ಟು ಗಟ್ಟಿಯಾಗಿ ಹಿಡಿದರೂ ಅಮ್ಮನ ನಡುಕ ನಿಲ್ಲಲಿಲ್ಲ.