ಮೂರನೆಯ ನಿಮಿಷ

ಅರಿವಳಿಕೆಯ ಡಾಕ್ಟರಮ್ಮ ಆರು ವರ್ಷದ ಕಡತಗಳನ್ನು ಕೆದಕಿ, ನಿಂತ ಹೃದಯವನ್ನು ಮತ್ತೆ ನಡೆಸುವ ಎರಡು ದಾರಿಗಳನ್ನು ಹೋಲಿಸಿದ್ದಳು. ಎದೆಯ ಮೇಲಿಂದ ಒತ್ತಿದ ನೂರಾ ಹತ್ತು ಮಂದಿಯಲ್ಲಿ ಹದಿನೆಂಟು ಜನ ಬದುಕಿ ಮನೆ ಸೇರಿದ್ದರು. ಎದೆ ತೆರೆದು ಹೃದಯವನ್ನೇ ಕೈಯಲ್ಲಿ ಹಿಡಿದು ಹಿಂಡಿದ ಒಂಬತ್ತರಲ್ಲಿ ಒಬ್ಬರೂ ಉಳಿದಿರಲಿಲ್ಲ. ಆ ಒಂಬತ್ತನ್ನೂ ಹಿಡಿದಿದ್ದವರು ಹಿರಿಯ ಸರ್ಜನ್. ಹೆಣ್ಣು ಕೊಟ್ಟವರಷ್ಟು ಮರ್ಯಾದೆಯಿಂದ ಬೈಯುತ್ತಾರೆಂದು ಆಸ್ಪತ್ರೆಯವರೆಲ್ಲ ಅವರನ್ನು ಮಾವ ಎನ್ನುತ್ತಿದ್ದರು.

ಅವಳು ಸಭೆಯಲ್ಲಿ ಓದಿ ಮುಗಿಸಿದಾಗ ಮಾವ ಕನ್ನಡಕ ಒರೆಸಿಕೊಂಡರು.

"ಲೆಕ್ಕ ಸರಿಯಾಗಿದೆ ಕಣಮ್ಮ. ಆದ್ರೆ ಅರ್ಧ ಗಂಟೆ ಒತ್ತಿ ನೀವು ಸೋತ ಮೇಲೆ ತಾನೆ ಅವರನ್ನ ನನ್ನ ಕೈಗೆ ಕೊಟ್ಟಿದ್ದು? ಆಮೇಲೆ ಸತ್ತವರೆಲ್ಲ ನನ್ನ ಲೆಕ್ಕಕ್ಕೆ ಬಂದ್ರು."

ಕುಣಿಯಲಾರದವನಿಗೆ ನೆಲ ಡೊಂಕು ಎಂದುಕೊಂಡು ಅವಳು ಕಾಗದಗಳನ್ನು ಮಡಚಿಕೊಂಡಳು. ಮನಸ್ಸು ತಡೆಯದೆ ಮಧ್ಯಾಹ್ನ ಕಡತಗಳನ್ನು ಮತ್ತೆ ತೆರೆದಳು. ಮಾವನನ್ನು ಕರೆದದ್ದು ಒಮ್ಮೆಯೂ ಇಪ್ಪತ್ತಾರು ನಿಮಿಷಕ್ಕೆ ಮುಂಚೆ ಅಲ್ಲ. ಎರಡು ಸಲ ಒತ್ತುತ್ತಿದ್ದವಳು ತಾನೇ.

ನಾಲ್ಕು ದಿನದ ನಂತರ ಒಬ್ಬ ದರ್ಜಿಯ ಶ್ವಾಸಕೋಶದ ಆಪರೇಷನ್ ಮುಗಿದಿತ್ತು. ಎದೆಗೆ ಹೊಲಿಗೆ ಹಾಕಿ ಅಂಗಾತ ಮಲಗಿಸುತ್ತಿದ್ದಂತೆ ಹೃದಯ ನಿಂತಿತು. ಅವಳು ಸ್ಟೂಲ್ ಹತ್ತಿ ಒತ್ತತೊಡಗಿದಳು. ಒಂದು ನಿಮಿಷ, ಎರಡು ನಿಮಿಷ. ಪರದೆಯ ಮೇಲೆ ರಕ್ತದೊತ್ತಡ ಮೂವತ್ತರಿಂದ ಮೇಲೇಳಲಿಲ್ಲ. ಮಾವ ಕೈಗವಸು ತೆಗೆಯದೆ ನಿಂತಿದ್ದರು. ಮೂರನೆಯ ನಿಮಿಷಕ್ಕೆ ಅವಳೇ ಹೇಳಿದಳು: "ಎದೆ ತೆರೀರಿ ಮಾವ."

ಹೊಲಿಗೆ ಬಿಚ್ಚಿ ಅವರು ಕೈ ಒಳಗಿಟ್ಟರು. ಒತ್ತಡ ಎಪ್ಪತ್ತಕ್ಕೆ ಏರಿತು. ಆದರೆ ಅರವತ್ತೆಂಟರ ಕೈ ಬೇಗ ಸೋತಿತು. ಅವಳು ಗವಸು ತೊಟ್ಟು ಅವರ ಜಾಗಕ್ಕೆ ಬಂದಳು.

"ಬೆರಳ ತುದಿ ಬೇಡ, ಹರಿಯುತ್ತೆ. ಅಂಗೈಯಲ್ಲಿ ಹಿಂಡು. ತುಂಬಿಕೊಳ್ಳೋಕೆ ಬಿಡು. ಹಿಂಡು."

ಒದ್ದೆ, ಬೆಚ್ಚಗಿನ, ಜೋತುಬಿದ್ದ ಸ್ನಾಯು. ಹನ್ನೊಂದನೆಯ ನಿಮಿಷದಲ್ಲಿ ಅದು ಅವಳ ಕೈಯೊಳಗೆ ಹುಳುಹುಳು ನಡುಗಿತು. ಒಂದು ಶಾಕ್ ಕೊಟ್ಟರು. ಆಮೇಲೆ ಅದು ತಾನಾಗಿಯೇ ಬಡಿಯಿತು.

ದರ್ಜಿ ಎರಡು ದಿನಕ್ಕೆ ಕಣ್ಣು ಬಿಟ್ಟ, ಹೆಂಡತಿಯ ಗುರುತು ಹಿಡಿದ. ಬಲಗೈ ಬೆರಳುಗಳು ಮಾತ್ರ ಮಾತು ಕೇಳಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಮೊದಲ ಮೂರು ನಿಮಿಷ ಮಿದುಳಿಗೆ ರಕ್ತ ಸಾಲಲಿಲ್ಲ, ಎದೆ ತೆರೆಯಲು ತಾನು ಇನ್ನೂ ಬೇಗ ಹೇಳಬಹುದಿತ್ತು ಎಂದು ಒಪ್ಪಿಕೊಂಡಳು.

ಆಕೆ ಗಂಡನ ಬಲಗೈ ಕಡೆ ನೋಡಿದಳು.

"ಹೇಳಿದ್ದು ಒಳ್ಳೇದಾಯ್ತು," ಎಂದಳು. "ಕತ್ತರಿ ನಾನು ಹಿಡೀತೀನಿ. ಎಲ್ಲಿ ಕತ್ತರಿಸಬೇಕು ಅಂತ ಅವರು ಹೇಳಲಿ."