ಅಮ್ಮ ಕಟ್ಟುತ್ತಿದ್ದ ಕಲ್ಲು

ಕೊಳದಲ್ಲಿ ಮೀನುಗಳು ಬಾಯಿ ತೆರೆದು ಮುಚ್ಚುತ್ತಿವೆ, ತೆರೆದು ಮುಚ್ಚುತ್ತಿವೆ, ಶಬ್ದವೇ ಇಲ್ಲ, ನಮ್ಮ ಮನೆಯವರ ಹಾಗೆಯೇ — ನಮ್ಮದೇ ಕೊಳ ನೋಡಲು ಬಾಗಿಲಲ್ಲಿ ಟಿಕೆಟ್ ತೆಗೆದುಕೊಂಡು ಬಂದಿದ್ದೇವೆ, ಅಪ್ಪ ಸತ್ತ ಮೇಲೆ ಮನೆ, ತೋಟ ಎಲ್ಲ ನಗರಸಭೆಯ ಪಾಲಾಯಿತು, ಆಗಲಿ, ಒಳ್ಳೆಯದೇ ಆಯಿತು, ಈಗ ಇಲ್ಲಿ ಯಾರು ಬೇಕಾದರೂ ನಡೆಯಬಹುದು, ಅಮ್ಮನೂ ನಡೆಯಬಹುದು, ಅದಕ್ಕೇ ಕನಜಾವ ಊರಿನ ಈ ಚಳಿಯಲ್ಲಿ ಮುದುಕಿಯನ್ನು ಕೈಹಿಡಿದು ಕರೆತಂದೆ, ತೋಟದ ಹಿಂಬದಿಯಲ್ಲಿ ಅಪ್ಪ ಅತಿಥಿಗಳನ್ನು ಕೂರಿಸುತ್ತಿದ್ದ ಚಹಾ ಮನೆಯ ಜಗಲಿಯ ಮೇಲೆ ಒಂದು ಸಲ ಕೂರಿಸಬೇಕು, ಒಂದೇ ಸಲ, ಇಷ್ಟು ವರ್ಷ ಇಲ್ಲಿ ಯಜಮಾನಿಯಾಗಿದ್ದವಳು ಅಲ್ಲಿಗೆ ಕಾಲಿಟ್ಟಿಲ್ಲ — ಕಿನುಕೊ, ನಿಂತ್ಕೊಳ್ಳೇ, ಕಲ್ಲಿಟ್ಟಿದ್ದಾರೆ, ಅಮ್ಮ ನನ್ನ ತೋಳು ಜಗ್ಗುತ್ತಾಳೆ. ಹೌದು, ಇಟ್ಟಿದ್ದಾರೆ, ದಾರಿ ಕವಲೊಡೆಯುವಲ್ಲಿ, ಮುಷ್ಟಿಗಾತ್ರದ ಕಲ್ಲು, ಕಪ್ಪು ನಾರಿನ ಹಗ್ಗ ಅಡ್ಡ ಉದ್ದ ಬಿಗಿದು ತಲೆಯ ಮೇಲೊಂದು ಗಂಟು, ಇಲ್ಲಿಂದ ಮುಂದೆ ಬರಬೇಡಿ ಎಂದು, ಎಂಥ ಮರ್ಯಾದೆಯ ಊರಪ್ಪ ನಮ್ಮದು, ಬಾಗಿಲೂ ಬೇಡ, ಬೀಗವೂ ಬೇಡ — ತೋಮೆ, ಕಲ್ಲಿಡು, ಅನ್ನುತ್ತಿದ್ದ ಅಪ್ಪ, ಅಷ್ಟೇ, ಮುಖ ಕೂಡ ನೋಡದೆ, ಅಮ್ಮ ಅಡುಗೆಮನೆಯಲ್ಲಿ ಮಂಡಿಯೂರಿ ಹಗ್ಗ ನೆನೆಸಿ, ಕಲ್ಲಿಗೆ ಕಟ್ಟಿ, ಇಲ್ಲಿ ತಂದಿಟ್ಟು, ಹಿಂತಿರುಗಿ ಮೂಲಂಗಿ ಹೆಚ್ಚುತ್ತಿದ್ದಳು, ಹಿತ್ತಲ ಬಾಗಿಲಿನಿಂದ ಆ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದಳು, ಚಹಾ ಮನೆಯಿಂದ ನಗು ಕೇಳುತ್ತಿತ್ತು, ಯಾರಮ್ಮ ಅದು, ನೆಂಟ್ರು ಕಣೇ, ಎಂಥ ನೆಂಟರು, ನೋಡೋಣವೆಂದು ನಾನು ಓಡಿದ್ದೆ, ಈ ಕಲ್ಲಿನ ಹತ್ತಿರ ಅಮ್ಮ ನನ್ನ ಜಡೆ ಹಿಡಿದು ಎಳೆದು ಕೆನ್ನೆಗೆ ಬಾರಿಸಿದ್ದಳು, ಕಲ್ಲು ಕಾಣಲ್ವೇನೇ ನಿಂಗೆ, ನಮ್ಮ ಬೆಕ್ಕು ಮಾತ್ರ ದಿನಾ ಅದನ್ನು ಹಾರಿ ಹೋಗುತ್ತಿತ್ತು, ಬೆಕ್ಕಿಗಿದ್ದಷ್ಟು ಧೈರ್ಯ ನಮಗ್ಯಾರಿಗೂ ಇರಲಿಲ್ಲ — ಅಯ್ಯಯ್ಯೋ, ಪೊರಕೆ ಹಿಡಿದ ಕಾವಲಿನವನು ಓಡಿಬರುತ್ತಿದ್ದಾನೆ, ನಿನ್ನೆ ಎಲೆ ಗುಡ್ಸುವಾಗ ಇಟ್ಟಿದ್ದು, ತೆಗೆಯೋಕೇ ಮರೆತ್ಬಿಟ್ಟೆ, ಬೆಳಗ್ಗಿಂದ ಎಲ್ರೂ ಇಲ್ಲಿಂದ್ಲೇ ವಾಪಸ್ ಹೋಗ್ತಿದ್ರು, ಒಬ್ರೂ ಯಾಕೆ ಅಂತ ಕೇಳ್ಲಿಲ್ಲ ನೋಡಿ, ನೀವು ಹೋಗಿ ಅಜ್ಜಿ, ಎಂದು ನಗುತ್ತಾನೆ, ನಗು ಬೇರೆ ಕೇಡು, ನನ್ನ ಮೈ ಉರಿಯುತ್ತಿದೆ, ಮರೆತು ಬಿಟ್ಟುಹೋದ ಕಲ್ಲಿಗೂ ತಲೆಬಾಗಿ ಹಿಂತಿರುಗುವ ಜನ, ಅವರಲ್ಲಿ ಮೊದಲನೆಯವಳು ನನ್ನ ಹೆತ್ತ ತಾಯಿ, ಅವನು ಎತ್ತಲು ಬಗ್ಗಿದರೆ ಕೈ ಅಡ್ಡ ಹಿಡಿಯುತ್ತಾಳೆ, ಇರ್ಲಿ ಬಿಡಪ್ಪ, ಒಳಗೆ ಯಾರೋ ಇರ್ತಾರೆ. ಯಾರೂ ಇಲ್ಲಮ್ಮ! ಅಪ್ಪ ಸತ್ತ, ಅವಳೂ ಸತ್ತಳು, ಜೇಡ ಬಿಟ್ರೆ ಯಾರಿದ್ದಾರೆ ಅಲ್ಲಿ, ಯಾರಿಗೋಸ್ಕರ ನಿಂತಿದ್ದೀಯ ನೀನು — ಕೂಗಿಬಿಟ್ಟೆ, ಫೋಟೊ ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು, ನೋಡಲಿ, ನಾನೇ ದಾಟುತ್ತೇನೆ, ಅವಳನ್ನು ಹೊತ್ತಾದರೂ ದಾಟಿಸುತ್ತೇನೆ, ಇಗೋ ಕಾಲೆತ್ತಿದೆ, ಅಷ್ಟರಲ್ಲಿ ಅಮ್ಮ ತನ್ನ ಊರುಗೋಲನ್ನು ನನ್ನ ಕೈಗಿತ್ತು, ನನ್ನ ತೊಡೆಯನ್ನೇ ಹಿಡಿದುಕೊಂಡು, ಮೆಲ್ಲಗೆ ಮಂಡಿಯೂರುತ್ತಾಳೆ, ಯಾರು ಕಟ್ಟಿದ್ದೋ ಏನೋ, ಸಡಿಲ ಬಿಟ್ಟಿದ್ದಾರೆ ನೋಡು, ಉಪ್ಪಿನಕಾಯಿ ಡಬ್ಬಿ ತೆರೆಯಲಾಗದ ಬೆರಳುಗಳು ಹಗ್ಗವನ್ನು ಬಿಚ್ಚಿ, ಎಳೆದು, ಕೆಳಗಿನಿಂದ ತಂದು ಮತ್ತೆ ಬಿಗಿಯುತ್ತಿವೆ, ನನ್ನ ಕಾಲು ಇನ್ನೂ ಮೇಲೆಯೇ ಇದೆ, ಕೆಳಗೆ ಕಲ್ಲು, ಕಲ್ಲಿನ ಮೇಲೆ ಅವಳ ಬೆರಳು, ಬೆರಳಿನಡಿಯಲ್ಲಿ ಗಂಟು, ಕಪ್ಪು ಗಂಟು —